ಓದುಗರ ಪ್ರಶ್ನೆ, ನಮ್ಮ ಉತ್ತರ: ಕ್ರಿಪ್ಟೊ ಪ್ರಚಾರಕ್ಕೆ ಯಾರ ಮುಖ, ಎಂಥ ಸಂಭಾವನೆ?

ಈ ಸಲ ಬಂದ ಪತ್ರಗಳಲ್ಲಿ ಬಹುಪಾಲು ಒಂದೇ ವಿಷಯದ ಸುತ್ತ ಇದ್ದುದರಿಂದ ಅಂಕಣವನ್ನು ಪೂರ್ತಿಯಾಗಿ ಅದಕ್ಕೇ ಮೀಸಲಿಟ್ಟಿದ್ದೇವೆ. ಕ್ರಿಪ್ಟೊ, ಅಂದರೆ ಡಿಜಿಟಲ್ ನಾಣ್ಯಗಳ, ಮತ್ತು ಅವುಗಳ ಹಿಂದಿರುವ ತಿದ್ದಲಾಗದ ಡಿಜಿಟಲ್ ದಾಖಲೆ ವ್ಯವಸ್ಥೆಯಾದ ಬ್ಲಾಕ್‌ಚೈನ್‌ನ ನವೋದ್ಯಮಗಳು ಸಾಮಾಜಿಕ ಜಾಲತಾಣದ ಇನ್‌ಫ್ಲುಯೆನ್ಸರ್‌ಗಳಿಂದ ಪ್ರಚಾರ ಮಾಡಿಸುವ ಬಗ್ಗೆ ಮಾಡಿಸುವವರೂ ಬರೆದಿದ್ದಾರೆ, ಮಾಡುವವರೂ ಬರೆದಿದ್ದಾರೆ. ಪತ್ರಗಳನ್ನು ಸಂಕ್ಷೇಪಿಸಿ, ಹೆಸರುಗಳನ್ನು ಕೈಬಿಟ್ಟು ಪ್ರಕಟಿಸುತ್ತಿದ್ದೇವೆ.

ಪ್ರಶ್ನೆ: ನಾವು ಮೂವರು ಗೆಳೆಯರು ಸೇರಿ ಕ್ರಿಪ್ಟೊ ಇಟ್ಟುಕೊಳ್ಳುವ ವಾಲೆಟ್ ಆ್ಯಪ್ ಒಂದನ್ನು ಕಟ್ಟಿದ್ದೇವೆ. ಪ್ರಚಾರಕ್ಕೆಂದು ಹದಿನೈದು ಲಕ್ಷ ರೂಪಾಯಿ ತೆಗೆದಿರಿಸಿದ್ದೇವೆ. ಹತ್ತು ಲಕ್ಷಕ್ಕೂ ಮೇಲೆ ಫಾಲೋವರ್‌ಗಳಿರುವ ಕಿರುತೆರೆ ನಟರೊಬ್ಬರಿಗೆ ಅಷ್ಟೂ ಹಣವನ್ನು ಕೊಟ್ಟು ಎರಡು ರೀಲ್ಸ್ ಮಾಡಿಸುವುದು ಒಳ್ಳೆಯದೆಂದು ಏಜೆನ್ಸಿಯವರು ಹೇಳುತ್ತಿದ್ದಾರೆ. ನಿಮ್ಮ ಅಭಿಪ್ರಾಯವೇನು?
— ಓದುಗರೊಬ್ಬರು, ಬೆಂಗಳೂರು

ಉತ್ತರ: ಏಜೆನ್ಸಿಯ ಸಲಹೆಯನ್ನು ನಾವು ಒಪ್ಪುವುದಿಲ್ಲ. ಕಾರಣವನ್ನು ತುಸು ವಿವರವಾಗಿಯೇ ಹೇಳಬೇಕು, ಏಕೆಂದರೆ ಈ ಪ್ರಯೋಗ ನಮ್ಮ ದೇಶದಲ್ಲಿ ಒಮ್ಮೆ ದೊಡ್ಡ ಪ್ರಮಾಣದಲ್ಲೇ ನಡೆದುಹೋಗಿದೆ. 2021ರಲ್ಲಿ ಹಿಂದಿ ಚಿತ್ರರಂಗದ ತಾರೆಯರು ಕ್ರಿಪ್ಟೊ ಕೊಂಡು ಮಾರುವ ತಾಣಗಳಾದ ಎಕ್ಸ್‌ಚೇಂಜ್‌ಗಳ ರಾಯಭಾರಿಗಳಾದರು. ಬೆಂಗಳೂರಿನ ಕಾಯಿನ್‌ಸ್ವಿಚ್‌ಗೆ ರಣವೀರ್ ಸಿಂಗ್, ಕಾಯಿನ್‌ಡಿಸಿಎಕ್ಸ್‌ಗೆ ಆಯುಷ್ಮಾನ್ ಖುರಾನಾ. ಕ್ರಿಕೆಟ್ ನೋಡಲು ಕುಳಿತವರಿಗೆ ಈ ಜಾಹೀರಾತುಗಳನ್ನು ತಪ್ಪಿಸಿಕೊಳ್ಳುವುದೇ ಕಷ್ಟವಾಗಿತ್ತು. ಅದೇ ವರ್ಷದ ನವೆಂಬರ್‌ನಲ್ಲಿ ಪ್ರಧಾನಿಯವರ ಅಧ್ಯಕ್ಷತೆಯಲ್ಲಿ ನಡೆದ ಸಭೆಯಲ್ಲಿ, ಅತಿಯಾದ ಭರವಸೆ ನೀಡುವ ಮತ್ತು ಪಾರದರ್ಶಕವಲ್ಲದ ಜಾಹೀರಾತುಗಳು ಯುವಜನರ ದಾರಿ ತಪ್ಪಿಸುತ್ತಿವೆ ಎಂಬ ಆತಂಕ ವ್ಯಕ್ತವಾಯಿತು. 2022ರ ಏಪ್ರಿಲ್ 1ರಂದು ಕ್ರಿಪ್ಟೊ ಗಳಿಕೆಯ ಮೇಲಿನ ಶೇ 30ರ ತೆರಿಗೆಯೂ ಜಾಹೀರಾತು ಮಾನದಂಡ ಮಂಡಳಿಯ, ಅಂದರೆ ಆಸ್ಕಿಯ, ಕ್ರಿಪ್ಟೊ ನಿಯಮಗಳೂ ಒಟ್ಟಿಗೇ ಜಾರಿಗೆ ಬಂದವು. ಜುಲೈ 1ರಿಂದ ಪ್ರತಿ ವಹಿವಾಟಿನ ಮೇಲೆ ಶೇ 1ರ ಟಿಡಿಎಸ್ ಸೇರಿಕೊಂಡಿತು. ಮಾರುಕಟ್ಟೆಯೂ ಕುಸಿದಾಗ, ತಾರೆಯ ಮುಖ ನೋಡಿ ಖಾತೆ ತೆರೆದಿದ್ದವರಿಗೆ ಅಲ್ಲಿ ಉಳಿಯಲು ಬೇರೆ ಕಾರಣವೇ ಇರಲಿಲ್ಲ.

ಅಮೆರಿಕದ ಅನುಭವವೂ ಇದಕ್ಕಿಂತ ಭಿನ್ನವಲ್ಲ. ಎಫ್‌ಟಿಎಕ್ಸ್ ಎಂಬ ಎಕ್ಸ್‌ಚೇಂಜ್ 2022ರ ಫೆಬ್ರುವರಿಯಲ್ಲಿ ಅಮೆರಿಕನ್ ಫುಟ್‌ಬಾಲ್‌ನ ಸೂಪರ್ ಬೌಲ್ ಪಂದ್ಯದ ನಡುವೆ ಹಾಸ್ಯನಟ ಲ್ಯಾರಿ ಡೇವಿಡ್ ಅವರ ಜಾಹೀರಾತನ್ನು ಬಿತ್ತರಿಸಿತು. ಫುಟ್‌ಬಾಲ್ ಆಟಗಾರ ಟಾಮ್ ಬ್ರೇಡಿ ಕೂಡ ಅದರ ಪ್ರಚಾರಕರಾಗಿದ್ದರು. ಅದೇ ವರ್ಷದ ನವೆಂಬರ್ 11ರಂದು ಸಂಸ್ಥೆ ದಿವಾಳಿ ಅರ್ಜಿ ಸಲ್ಲಿಸಿತು, ಹಣ ಕಳೆದುಕೊಂಡವರು ಪ್ರಚಾರಕರ ಮೇಲೂ ದಾವೆ ಹೂಡಿದರು. ಸಂಸ್ಥೆಯ ಒಳಗಿನ ಲೆಕ್ಕ ಆ ಪ್ರಚಾರಕರಿಗೆ ಗೊತ್ತಿರಲು ಸಾಧ್ಯವಿರಲಿಲ್ಲ ಎನ್ನುವುದು ನಿಜವೇ. ಆದರೆ ಗೊತ್ತಿಲ್ಲದವರ ಮಾತಿಗೆ ದೊಡ್ಡ ಬೆಲೆ ಕೊಟ್ಟು ಕೊಳ್ಳುವ ಪದ್ಧತಿಯೇ ಇಲ್ಲಿನ ದೋಷ.

ಇನ್ನು ನಿಮ್ಮ ಉತ್ಪನ್ನದ ಮಾತು. ವಾಲೆಟ್ ಬಳಸಲು ಬರುವವರು ಹನ್ನೆರಡು ಅಥವಾ ಇಪ್ಪತ್ತನಾಲ್ಕು ಪದಗಳ ರಿಕವರಿ ಫ್ರೇಸನ್ನು, ಅಂದರೆ ವಾಲೆಟ್ಟನ್ನು ಮರಳಿ ತೆರೆಯುವ ಗುಟ್ಟಿನ ಪದಗಳನ್ನು, ಕಾಗದದಲ್ಲಿ ಬರೆದಿಟ್ಟುಕೊಳ್ಳಲು ಕಲಿಯಬೇಕು, ಅದನ್ನು ಯಾರಿಗೂ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಬಾರದೆಂದು ತಿಳಿಯಬೇಕು, ತಪ್ಪು ನೆಟ್‌ವರ್ಕ್‌ಗೆ ಕಳಿಸಿದ ಟೋಕನ್, ಅಂದರೆ ಕ್ರಿಪ್ಟೊ ನಾಣ್ಯ, ಮರಳಿ ಬರುವುದು ದುಸ್ತರ ಎಂಬುದನ್ನು ಅರಗಿಸಿಕೊಳ್ಳಬೇಕು. ಮೂವತ್ತು ಸೆಕೆಂಡಿನ ರೀಲ್ಸ್‌ನಲ್ಲಿ ನಟರು ಇದನ್ನು ಕಲಿಸಲಾರರು. ಅವರಿಂದಾಗಿ ಒಂದೇ ವಾರದಲ್ಲಿ ಐವತ್ತು ಸಾವಿರ ಜನ ಬಂದರೆಂದೇ ಇಟ್ಟುಕೊಳ್ಳಿ. ಮೂವರ ತಂಡ ಅವರ ದೂರುಗಳಿಗೆ ಉತ್ತರಿಸುವುದರಲ್ಲೇ ಮುಳುಗಿಹೋಗುತ್ತದೆ, ಅವರಲ್ಲಿ ಕೆಲವರು ಹಣ ಕಳೆದುಕೊಂಡು ನಿಮ್ಮ ಆ್ಯಪ್‌ನ ಹೆಸರಿನೊಂದಿಗೆ ಮೋಸ ಎಂಬ ಮಾತನ್ನು ಶಾಶ್ವತವಾಗಿ ಜೋಡಿಸಿಬಿಡುತ್ತಾರೆ.

ನಾವಾಗಿದ್ದರೆ ಹಣದ ದೊಡ್ಡ ಭಾಗವನ್ನು ಐದಾರು ಮಂದಿ ಸಣ್ಣ ಚಾನೆಲ್‌ಗಳವರಿಗೆ ಮೂರು ತಿಂಗಳ ಅವಧಿಗೆ ಹಂಚುತ್ತಿದ್ದೆವು: ವೈಯಕ್ತಿಕ ಹಣಕಾಸು, ಸೈಬರ್ ಸುರಕ್ಷತೆ, ಸಾಫ್ಟ್‌ವೇರ್ ವಿಷಯಗಳನ್ನು ಕನ್ನಡದಲ್ಲಿ ಸಾವಧಾನವಾಗಿ ವಿವರಿಸುವವರು, ಇಪ್ಪತ್ತು ನಿಮಿಷದ ವಿಡಿಯೊವನ್ನು ಜನ ಕೊನೆಯವರೆಗೆ ನೋಡುವಂತೆ ಮಾಡಬಲ್ಲವರು. ಆಯ್ಕೆ ಮಾಡುವಾಗ ಫಾಲೋವರ್‌ಗಳ ಸಂಖ್ಯೆಗಿಂತ ಕಾಮೆಂಟುಗಳನ್ನು ಓದಿ. ಬೆಂಕಿಯ ಎಮೊಜಿಗಳು, ಒಂದೇ ಧಾಟಿಯ ಹೊಗಳಿಕೆಗಳು ತುಂಬಿದ್ದರೆ ಅಲ್ಲಿ ಕೊಂಡು ತಂದ ಜನಸಂದಣಿ ಇದೆಯೆಂದು ಅನುಮಾನಿಸಬಹುದು. ವೀಕ್ಷಕರು ತಕರಾರು ತೆಗೆದು ಪ್ರಶ್ನೆ ಕೇಳುತ್ತಿದ್ದರೆ, ಚಾನೆಲ್‌ನವರು ಕೂತು ಉತ್ತರಿಸುತ್ತಿದ್ದರೆ, ಆ ಚಾನೆಲ್ ನಿಮ್ಮ ಕೆಲಸಕ್ಕೆ ಬರುತ್ತದೆ. 2021ರಲ್ಲಿ ಅವರು ಯಾವ ಕಾಯಿನ್‌ಗಳನ್ನು ಹೊಗಳಿದ್ದರು, ಆ ವಿಡಿಯೊಗಳು ಇನ್ನೂ ಇವೆಯೇ ಅಥವಾ ಸದ್ದಿಲ್ಲದೆ ಅಳಿಸಿದ್ದಾರೆಯೇ ಎಂದು ಹುಡುಕಿ ನೋಡಿ. ಒಪ್ಪಂದದಲ್ಲಿ ತಾಂತ್ರಿಕ ಸಂಗತಿಗಳ ತಪ್ಪನ್ನು ತಿದ್ದುವ ಅಧಿಕಾರವನ್ನು ನೀವು ಇಟ್ಟುಕೊಳ್ಳಿ, ಅಭಿಪ್ರಾಯವನ್ನು ತಿದ್ದುವ ಅಧಿಕಾರವನ್ನು ಬಿಟ್ಟುಕೊಡಿ. ಆ್ಯಪ್‌ನ ಒಂದು ಕೊರತೆಯನ್ನು ಬಾಯಿಬಿಟ್ಟು ಹೇಳಿದ ವಿಡಿಯೊ ಕೊರತೆಯೇ ಇಲ್ಲವೆಂಬ ವಿಡಿಯೊಗಿಂತ ಹೆಚ್ಚು ನಂಬಿಕೆಯನ್ನು ಗಳಿಸುತ್ತದೆ.

ಒಂದು ಎಚ್ಚರಿಕೆಯನ್ನು ಸೇರಿಸುತ್ತೇವೆ. ಗ್ರಾಹಕರ ಕ್ರಿಪ್ಟೊವನ್ನು ನೀವೇ ಕಾಪಿಡುವ ಬಗೆಯ ವಾಲೆಟ್ ನಿಮ್ಮದಾಗಿದ್ದರೆ, 2023ರ ಮಾರ್ಚ್ 7ರ ಅಧಿಸೂಚನೆಯ ಪ್ರಕಾರ ನೀವು ಅಕ್ರಮ ಹಣ ವರ್ಗಾವಣೆ ತಡೆ ಕಾಯ್ದೆಯ ವ್ಯಾಪ್ತಿಗೆ ಬರುತ್ತೀರಿ, ಕೇಂದ್ರದ ಹಣಕಾಸು ಗುಪ್ತಚರ ಘಟಕ ಎಫ್‌ಐಯುನಲ್ಲಿ ನೋಂದಣಿ ಮಾಡಿಸಬೇಕಾಗುತ್ತದೆ. ಆ ಕೆಲಸ ಮುಗಿಯುವ ಮೊದಲು ಪ್ರಚಾರಕ್ಕೆ ಒಂದು ರೂಪಾಯಿಯನ್ನೂ ಖರ್ಚು ಮಾಡಬೇಡಿ. ನೋಂದಣಿಯಾದ ಮೇಲೂ ಅದನ್ನು ಸರ್ಕಾರದ ಮಾನ್ಯತೆ ಎಂಬಂತೆ ವಿಡಿಯೊದಲ್ಲಿ ಬಿಂಬಿಸಬಾರದು, ಏಕೆಂದರೆ ಅದು ಕೇವಲ ವರದಿ ಸಲ್ಲಿಸುವ ಹೊಣೆಗಾರಿಕೆ.

ಪ್ರಶ್ನೆ: ನಾನು ಕನ್ನಡದಲ್ಲಿ ತಂತ್ರಜ್ಞಾನದ ಯೂಟ್ಯೂಬ್ ಚಾನೆಲ್ ನಡೆಸುತ್ತೇನೆ, ಸುಮಾರು ಅರವತ್ತು ಸಾವಿರ ಸಬ್‌ಸ್ಕ್ರೈಬರ್‌ಗಳಿದ್ದಾರೆ. ಹೊಸ ಟೋಕನ್ ಒಂದರ ತಂಡದವರು ನಗದಿನ ಬದಲು ಎರಡು ಲಕ್ಷ ರೂಪಾಯಿ ಬೆಲೆಯ ಟೋಕನ್‌ಗಳನ್ನೇ ಕೊಡುವುದಾಗಿ ಹೇಳುತ್ತಿದ್ದಾರೆ. ಹಣ ಪಡೆಯುತ್ತಿಲ್ಲವಾದ್ದರಿಂದ ಇದು ಜಾಹೀರಾತು ಎಂದು ಹೇಳಬೇಕಾಗಿಲ್ಲ ಎನ್ನುತ್ತಾರೆ. ಇದು ಸರಿಯೇ?
— ಓದುಗರೊಬ್ಬರು, ಮೈಸೂರು

ಉತ್ತರ: ಸರಿಯಲ್ಲ, ಮತ್ತು ಹಾಗೆ ಹೇಳಿದವರೊಂದಿಗೆ ವ್ಯವಹಾರ ಮುಂದುವರಿಸುವ ಮುನ್ನ ಎರಡು ಸಲ ಯೋಚಿಸಿ. 2021ರ ಜೂನ್ 14ರಿಂದ ಜಾರಿಯಲ್ಲಿರುವ ಆಸ್ಕಿ ನಿಯಮಗಳೂ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಜನವರಿಯಲ್ಲಿ ಹೊರಡಿಸಿದ ಮಾರ್ಗಸೂಚಿಯೂ ನಗದನ್ನಷ್ಟೇ ಸಂಭಾವನೆ ಎಂದು ಪರಿಗಣಿಸುವುದಿಲ್ಲ. ಉಡುಗೊರೆ, ರಿಯಾಯಿತಿ, ಪ್ರವಾಸ, ಷೇರು, ಹೀಗೆ ಜಾಹೀರಾತುದಾರರಿಂದ ನಿಮಗೆ ದೊರೆಯುವ ಯಾವುದೇ ಪ್ರಯೋಜನವನ್ನು ವೀಕ್ಷಕರಿಗೆ ತಿಳಿಸಬೇಕು. ಟೋಕನ್ ಅದರಿಂದ ಹೊರಗಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ದಾರಿ ತಪ್ಪಿಸುವ ಜಾಹೀರಾತಿಗೆ ಪ್ರಚಾರಕರ ಮೇಲೂ ಮೊದಲ ಸಲ ಹತ್ತು ಲಕ್ಷ ರೂಪಾಯಿವರೆಗೆ, ಮರುಕಳಿಸಿದರೆ ಐವತ್ತು ಲಕ್ಷದವರೆಗೆ ದಂಡ ವಿಧಿಸಬಹುದು, ಒಂದು ವರ್ಷ, ಆಮೇಲೆ ಮೂರು ವರ್ಷದವರೆಗೆ ಯಾವುದೇ ಉತ್ಪನ್ನದ ಪ್ರಚಾರ ಮಾಡದಂತೆ ತಡೆಯಬಹುದು. ತಕ್ಕ ಪರಿಶೀಲನೆ ನಡೆಸಿಯೇ ಮಾತನಾಡಿದ್ದೇನೆಂದು ತೋರಿಸಬಲ್ಲವರಿಗೆ ದಂಡದಿಂದ ರಕ್ಷಣೆ ಇದೆ. ಆದ್ದರಿಂದ ನೀವು ಓದಿದ ದಾಖಲೆ, ಕೇಳಿದ ಪ್ರಶ್ನೆ, ಬಂದ ಉತ್ತರ ಎಲ್ಲವನ್ನೂ ಇಮೇಲ್‌ನಲ್ಲೇ ಇಟ್ಟುಕೊಳ್ಳಿ, ಫೋನ್ ಮಾತನ್ನು ನೆಚ್ಚಬೇಡಿ.

ಬರೀ ಜಾಹೀರಾತು ಎಂಬ ಚೀಟಿ ಅಂಟಿಸಿದರೆ ಎಲ್ಲೆಡೆ ಸಾಲದು ಎನ್ನುವುದಕ್ಕೆ ಕಿಮ್ ಕರ್ದಾಶಿಯನ್ ಪ್ರಕರಣ ನೆನಪಿಡಬೇಕಾದದ್ದು. 2021ರಲ್ಲಿ ಅವರು ಎಥೀರಿಯಂಮ್ಯಾಕ್ಸ್ ಎಂಬ ಸಂಸ್ಥೆಯ ಇಮ್ಯಾಕ್ಸ್ ಟೋಕನ್ ಬಗ್ಗೆ ಇನ್‌ಸ್ಟಾಗ್ರಾಂನಲ್ಲಿ ಬರೆದಾಗ ಆ್ಯಡ್ ಎಂಬ ಹ್ಯಾಶ್‌ಟ್ಯಾಗ್ ಹಾಕಿಯೇ ಇದ್ದರು. ಆದರೂ ಅಮೆರಿಕದ ಷೇರುಪೇಟೆ ನಿಯಂತ್ರಕ ಎಸ್‌ಇಸಿ ಅವರನ್ನು ಬಿಡಲಿಲ್ಲ. ಆ ಟೋಕನ್ ಷೇರಿನಂಥ ಹೂಡಿಕೆಯೆಂದೂ, ಅಂಥದನ್ನು ಹೊಗಳಲು ಎಷ್ಟು ಸಂಭಾವನೆ ಪಡೆದಿರೆಂಬುದನ್ನೂ ಹೇಳಲೇಬೇಕೆಂದೂ ಅದು ವಾದಿಸಿತು. ಪಡೆದಿದ್ದು 2,50,000 ಡಾಲರ್. 2022ರ ಅಕ್ಟೋಬರ್‌ನಲ್ಲಿ ಇತ್ಯರ್ಥಕ್ಕಾಗಿ ಕಟ್ಟಲು ಒಪ್ಪಿದ್ದು 12.6 ಲಕ್ಷ ಡಾಲರ್, ಜೊತೆಗೆ ಮೂರು ವರ್ಷ ಯಾವುದೇ ಕ್ರಿಪ್ಟೊ ಹೂಡಿಕೆಯ ಪ್ರಚಾರ ಮಾಡುವುದಿಲ್ಲವೆಂಬ ಮುಚ್ಚಳಿಕೆ. ಅದಕ್ಕೂ ಮೊದಲು, 2018ರಲ್ಲಿ, ಸೆಂಟ್ರಾ ಟೆಕ್ ಎಂಬ ಟೋಕನ್ ಬಿಡುಗಡೆಯನ್ನು ಸಂಭಾವನೆಯ ಸುಳಿವು ಕೊಡದೆ ಹೊಗಳಿದ್ದಕ್ಕೆ ಬಾಕ್ಸರ್ ಫ್ಲಾಯ್ಡ್ ಮೇವೆದರ್ ಮತ್ತು ಸಂಗೀತಗಾರ ಡಿಜೆ ಖಾಲಿದ್ ದಂಡ ತೆತ್ತಿದ್ದರು. ನಿಮ್ಮ ಚಾನೆಲ್ಲನ್ನು ನ್ಯೂಜೆರ್ಸಿಯ ಕನ್ನಡಿಗರೂ ನೋಡುತ್ತಾರೆಂಬುದನ್ನು ಮರೆಯಬೇಡಿ.

ತೆರಿಗೆಯ ಲೆಕ್ಕವೂ ನಿಮ್ಮ ಪರವಾಗಿಲ್ಲ. ಟೋಕನ್ ಕೈಸೇರಿದ ದಿನ ಅದರ ಬೆಲೆ ಎರಡು ಲಕ್ಷವಿದ್ದರೆ ಅಷ್ಟೂ ನಿಮ್ಮ ಆ ವರ್ಷದ ವೃತ್ತಿ ಆದಾಯ. ಆರು ತಿಂಗಳಲ್ಲಿ ಅದು ಇಪ್ಪತ್ತು ಸಾವಿರಕ್ಕೆ ಇಳಿದರೂ ಎರಡು ಲಕ್ಷದ ಮೇಲೆಯೇ ತೆರಿಗೆ ಕಟ್ಟಬೇಕು, ಕ್ರಿಪ್ಟೊ ನಷ್ಟವನ್ನು ಬೇರೆ ಆದಾಯದಲ್ಲಿ ಕಳೆಯಲು ನಮ್ಮ ಕಾನೂನು ಬಿಡುವುದಿಲ್ಲ. ಏರಿದರೋ ಏರಿಕೆಯ ಮೇಲೆ ಶೇ 30. ವಿಡಿಯೊ ಮಾಡುವ ಮೊದಲೇ ಲೆಕ್ಕಪರಿಶೋಧಕರನ್ನು ಕಾಣುವುದು ಒಳ್ಳೆಯದು.

ಕಾನೂನು, ತೆರಿಗೆ ಎರಡನ್ನೂ ಪಕ್ಕಕ್ಕಿಟ್ಟರೂ ಒಂದು ತೊಡಕು ಉಳಿಯುತ್ತದೆ. ಟೋಕನ್ ರೂಪದಲ್ಲಿ ಸಂಭಾವನೆ ಪಡೆದ ಕ್ಷಣದಿಂದ ನೀವು ವಿಮರ್ಶಕರಲ್ಲ, ಮಾರಾಟಗಾರರು. ನಿಮ್ಮ ವೀಕ್ಷಕರು ಕೊಂಡರೆ ಬೆಲೆ ಏರುತ್ತದೆ, ಏರಿದಾಗ ನೀವು ಮಾರಬಹುದು, ಆಗ ನಿಮ್ಮಿಂದ ಕೊಳ್ಳುವವರು ಅದೇ ವೀಕ್ಷಕರು. ಈ ವಲಯದಲ್ಲಿ ಕೆಒಎಲ್ (ಕೀ ಒಪಿನಿಯನ್ ಲೀಡರ್, ಅಂದರೆ ಜನಾಭಿಪ್ರಾಯ ರೂಪಿಸುವವರು) ರೌಂಡ್ ಎಂಬ ಹೆಸರಿನಲ್ಲಿ ಇನ್‌ಫ್ಲುಯೆನ್ಸರ್‌ಗಳಿಗೆ ಕಡಿಮೆ ಬೆಲೆಗೆ ಮುಂಚಿತವಾಗಿ ಟೋಕನ್ ಹಂಚುವ ರೂಢಿ ಬೆಳೆದಿದೆ. ಅದರ ಒಳತಿರುಳು ಇಷ್ಟೇ. ನಮ್ಮ ಸಲಹೆ ಕೇಳುವುದಾದರೆ, ಬ್ಯಾಂಕ್ ಖಾತೆಗೆ ನಿಗದಿತ ಮೊತ್ತ ಹಾಕಿಸಿಕೊಳ್ಳಿ, ಒಪ್ಪದಿದ್ದರೆ ಕೈಬಿಡಿ. ಟೋಕನ್ ತೆಗೆದುಕೊಳ್ಳಲೇಬೇಕೆಂದಿದ್ದರೆ ಕನಿಷ್ಠ ಒಂದು ವರ್ಷ ಮಾರಲಾಗದಂತೆ ವೆಸ್ಟಿಂಗ್ ಷರತ್ತನ್ನು ನೀವೇ ಕೇಳಿ ಹಾಕಿಸಿ, ಆ ಟೋಕನ್ ಇರುವ ವಾಲೆಟ್ ವಿಳಾಸವನ್ನು ವಿಡಿಯೊದ ಕೆಳಗೆ ಬಹಿರಂಗವಾಗಿ ಬರೆಯಿರಿ. ಯಾವಾಗ ಮಾರಿದಿರೆಂಬುದನ್ನು ಯಾರು ಬೇಕಾದರೂ ನೋಡಬಹುದೆಂಬುದು ಬ್ಲಾಕ್‌ಚೈನ್‌ನ ಗುಣ. ಅದನ್ನು ನಿಮ್ಮ ಪ್ರಾಮಾಣಿಕತೆಯ ಪುರಾವೆಯಾಗಿ ಬಳಸಿಕೊಳ್ಳಬಹುದು.

ಪ್ರಶ್ನೆ: ಕ್ರಿಪ್ಟೊ ಜಾಹೀರಾತಿನ ಎಚ್ಚರಿಕೆ ವಾಕ್ಯವನ್ನು ಕನ್ನಡ ರೀಲ್ಸ್‌ನಲ್ಲಿ ಎಲ್ಲಿ, ಹೇಗೆ ಹಾಕಬೇಕು?
— ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಕ್ರಿಪ್ಟೊ ಉತ್ಪನ್ನಗಳೂ ಎನ್‌ಎಫ್‌ಟಿಗಳೂ (ಡಿಜಿಟಲ್ ವಸ್ತುಗಳ ಒಡೆತನ ಸೂಚಿಸುವ ಟೋಕನ್‌ಗಳು) ನಿಯಂತ್ರಣಕ್ಕೆ ಒಳಪಟ್ಟಿಲ್ಲ, ಅವುಗಳಲ್ಲಿ ಹೆಚ್ಚಿನ ಅಪಾಯವಿರಬಹುದು, ಇಂಥ ವಹಿವಾಟಿನಿಂದಾದ ನಷ್ಟಕ್ಕೆ ನಿಯಂತ್ರಕರಿಂದ ಪರಿಹಾರ ಸಿಗದೆ ಇರಬಹುದು ಎಂಬುದು ಆ ವಾಕ್ಯದ ಸಾರ. ವಿಡಿಯೊ ಆದರೆ ಕೊನೆಯಲ್ಲಿ ಸರಳ ಹಿನ್ನೆಲೆಯ ಮೇಲೆ ಕನಿಷ್ಠ ಐದು ಸೆಕೆಂಡು ಅಕ್ಷರದಲ್ಲೂ ಧ್ವನಿಯಲ್ಲೂ ಇರಬೇಕು, ಧ್ವನಿಯ ವೇಗ ಸಹಜವಾಗಿರಬೇಕು. ಮ್ಯೂಚುವಲ್ ಫಂಡ್ ಜಾಹೀರಾತಿನ ಕೊನೆಯಲ್ಲಿ ಕೇಳುತ್ತಿದ್ದ ಉಸಿರುಗಟ್ಟಿಸುವ ಓಟ ಇಲ್ಲಿ ನಡೆಯುವುದಿಲ್ಲ. ಎರಡು ನಿಮಿಷ ದಾಟಿದ ವಿಡಿಯೊದಲ್ಲಿ ಆರಂಭದಲ್ಲೂ ಕೊನೆಯಲ್ಲೂ ಹೇಳಬೇಕು. ಪೋಸ್ಟ್‌ಗಳಲ್ಲಿ ಬರಹದಲ್ಲಿಯೂ ಚಿತ್ರದಲ್ಲಿಯೂ ಇರಬೇಕು. ಹದಿನೈದು ಸೆಕೆಂಡಿನೊಳಗಿನ ಸ್ಟೋರಿಗಳಿಗೆ ಮಾತ್ರ ಚಿತ್ರದ ಮೇಲೆ ಎದ್ದುಕಾಣುವ ಬರಹ (ಓವರ್‌ಲೇ) ಸಾಕು. ವಿಡಿಯೊ ಕನ್ನಡದಲ್ಲಿದ್ದರೆ ಎಚ್ಚರಿಕೆಯೂ ಕನ್ನಡದಲ್ಲಿರಲಿ. ಇದು ಸಂಭಾವನೆ ಪಡೆದದ್ದನ್ನು ತಿಳಿಸುವ ಗುರುತಿಗೆ ಬದಲಿಯಲ್ಲ, ಎರಡೂ ಬೇಕು. ಇದಲ್ಲದೆ ಜಾಹೀರಾತಿನಲ್ಲಿ ಕರೆನ್ಸಿ, ಸೆಕ್ಯುರಿಟೀಸ್, ಕಸ್ಟೋಡಿಯನ್, ಡೆಪಾಸಿಟರಿ ಎಂಬ ಪದಗಳನ್ನು ಬಳಸುವಂತಿಲ್ಲ, ಹನ್ನೆರಡು ತಿಂಗಳಿಗಿಂತ ಕಡಿಮೆ ಅವಧಿಯ ಗಳಿಕೆಯನ್ನು ತೋರಿಸುವಂತಿಲ್ಲ, ಮಕ್ಕಳು ವ್ಯವಹರಿಸುವಂತೆ ಚಿತ್ರಿಸುವಂತಿಲ್ಲ.

ಪ್ರಶ್ನೆ: ನಮ್ಮದು ಟೋಕನ್ ಇಲ್ಲದ ಬ್ಲಾಕ್‌ಚೈನ್ ಸಂಸ್ಥೆ. ಕಾಫಿ ಯಾವ ತೋಟದ್ದು, ಯಾವಾಗ ಕೊಯ್ಲಾಯಿತು, ಎಲ್ಲಿ ಕ್ಯೂರಿಂಗ್ (ಸಂಸ್ಕರಣೆ) ಆಯಿತು ಎಂಬುದನ್ನು ಪೊಟ್ಟಣದ ಮೇಲಿನ ಕ್ಯೂಆರ್ ಕೋಡ್ ಮೂಲಕ ತಿಳಿಸುವ ವ್ಯವಸ್ಥೆ. ಬ್ಲಾಕ್‌ಚೈನ್ ಎಂದೊಡನೆ ಬೆಳೆಗಾರರು ಬಿಟ್‌ಕಾಯಿನ್ ಮೋಸವೆಂದು ದೂರ ಸರಿಯುತ್ತಾರೆ. ನಮಗೆ ಎಂಥ ಇನ್‌ಫ್ಲುಯೆನ್ಸರ್ ಬೇಕು?
— ಓದುಗರೊಬ್ಬರು, ಚಿಕ್ಕಮಗಳೂರು

ಉತ್ತರ: ಕ್ರಿಪ್ಟೊ ಇನ್‌ಫ್ಲುಯೆನ್ಸರ್ ಅಂತೂ ಬೇಡ. ನಿಮ್ಮ ಉತ್ಪನ್ನಕ್ಕೂ ಅವರ ವೀಕ್ಷಕರಿಗೂ ಸಂಬಂಧವಿಲ್ಲ, ಅವರೊಂದಿಗೆ ಕಾಣಿಸಿಕೊಂಡಷ್ಟೂ ಬೆಳೆಗಾರರ ಅನುಮಾನ ಗಟ್ಟಿಯಾಗುತ್ತದೆ. ಬ್ಲಾಕ್‌ಚೈನ್ ಎಂಬ ಶಬ್ದವನ್ನೇ ಮೊದಲ ಮಾತಿನಲ್ಲಿ ಎತ್ತಬೇಡಿ ಎಂದು ನಾವು ಹೇಳುತ್ತೇವೆ. ತೋಟದಿಂದ ಕಪ್‌ವರೆಗಿನ ದಾಖಲೆ ಎಂದರೆ ಸಾಕು. ದಾಖಲೆಯನ್ನು ಯಾರೂ ಹಿಂದಿನಿಂದ ತಿದ್ದಲಾಗದು ಎನ್ನುವಾಗ ತಂತ್ರಜ್ಞಾನದ ಹೆಸರು ಬಂದರಾಯಿತು. ನಿಮ್ಮದರಲ್ಲಿ ಟೋಕನ್ ಇಲ್ಲವಾದ್ದರಿಂದ ಹಿಂದಿನ ಉತ್ತರದಲ್ಲಿ ಹೇಳಿದ ಕ್ರಿಪ್ಟೊ ಎಚ್ಚರಿಕೆ ನಿಮಗೆ ಅನ್ವಯಿಸುವುದಿಲ್ಲ, ಸಂಭಾವನೆ ಕೊಟ್ಟಿದ್ದನ್ನು ತಿಳಿಸುವ ನಿಯಮ ಅನ್ವಯಿಸುತ್ತದೆ.

ನಿಮಗಿಂತ ಮೊದಲು ಇದೇ ದಾರಿಯಲ್ಲಿ ನಡೆದವರಿದ್ದಾರೆ. ಕಾಫಿ ಮಂಡಳಿ 2019ರ ಮಾರ್ಚ್‌ನಲ್ಲಿಯೇ ಬ್ಲಾಕ್‌ಚೈನ್ ಆಧಾರಿತ ಕಾಫಿ ಮಾರುಕಟ್ಟೆಯ ಪ್ರಾಯೋಗಿಕ ಯೋಜನೆಯನ್ನು ಆರಂಭಿಸಿತ್ತು, ಆದ್ದರಿಂದ ಹಳೆಯ ಬೆಳೆಗಾರರಿಗೆ ಈ ಮಾತು ತೀರ ಹೊಸದಲ್ಲ. ಕಾಡು ಕಡಿದ ಜಾಗದಲ್ಲಿ ಬೆಳೆದ ಕಾಫಿಯನ್ನು ತಡೆಯಲು ಐರೋಪ್ಯ ಒಕ್ಕೂಟ 2023ರಲ್ಲಿ ಕಾನೂನು ಮಾಡಿ, ಅನುಷ್ಠಾನದ ದಿನವನ್ನು ಮುಂದೂಡುತ್ತ ಬಂದಿದೆಯಾದರೂ, ತೋಟದ ಭೌಗೋಳಿಕ ಗುರುತನ್ನು ಒದಗಿಸಬೇಕೆಂಬ ಅದರ ಷರತ್ತು ರಫ್ತುದಾರರ ತಲೆಯಲ್ಲಿದೆ. ನಿಮ್ಮ ಮಾತಿಗೆ ಕಿವಿ ಸಿಗುವುದು ಅಲ್ಲಿ. ಹಾಗಾಗಿ ನಿಮಗೆ ಬೇಕಾದ ಪ್ರಭಾವಿಗಳು ಕ್ಯೂರಿಂಗ್ ವರ್ಕ್ಸ್ ನಡೆಸುವವರು, ಬೆಳೆಗಾರರ ಸಂಘದಲ್ಲಿ ಎದ್ದು ಮಾತನಾಡಿದರೆ ಉಳಿದವರು ಆಲಿಸುವಂಥ ಹಿರಿಯರು, ತೋಟದ ಕೆಲಸವನ್ನು ಮೊಬೈಲ್‌ನಲ್ಲಿ ಚಿತ್ರಿಸಿ ಹಾಕುವ ಯುವ ಬೆಳೆಗಾರರು. ಅವರಲ್ಲಿ ಎಷ್ಟೋ ಮಂದಿಗೆ ಫಾಲೋವರ್‌ಗಳೆಂದರೆ ಒಂದು ವಾಟ್ಸ್‌ಆ್ಯಪ್ ಗುಂಪು ಅಷ್ಟೆ. ಇನ್ನೊಂದು ತುದಿಯಲ್ಲಿ, ಮನೆಯಲ್ಲೇ ಬೀಜ ಪುಡಿಮಾಡಿ ಕಾಫಿ ಸೋಸುವ ಹವ್ಯಾಸಿಗಳಿಗಾಗಿ ವಿಡಿಯೊ ಮಾಡುವವರಿದ್ದಾರೆ, ಅವರ ಕೈಗೆ ಪೊಟ್ಟಣ ಕೊಟ್ಟು ಕ್ಯಾಮೆರಾದ ಮುಂದೆಯೇ ಕೋಡ್ ಸ್ಕ್ಯಾನ್ ಮಾಡಲು ಬಿಡಿ.

ಆದರೆ ಮೊದಲ ದಾಖಲೆಯನ್ನು ಯಾರು ನಮೂದಿಸುತ್ತಾರೆ ಎಂಬ ಪ್ರಶ್ನೆಗೆ ಉತ್ತರ ಸಿದ್ಧಪಡಿಸಿಕೊಂಡೇ ಹೋಗಿ. ಯಾವ ಬೆಳೆಗಾರರೂ ಅದನ್ನು ಕೇಳದೆ ಬಿಡುವುದಿಲ್ಲ. ಮೂಟೆಯ ಮೇಲೆ ತಪ್ಪು ತೋಟದ ಹೆಸರು ಬರೆದರೆ ಬ್ಲಾಕ್‌ಚೈನ್ ಆ ತಪ್ಪನ್ನೇ ಶಾಶ್ವತವಾಗಿ ಕಾಪಾಡುತ್ತದೆ. ಹಡಗು ಸಾಗಣೆಗೆಂದು ಮೇರ್ಸ್ಕ್ ಮತ್ತು ಐಬಿಎಂ ಕಟ್ಟಿದ್ದ ಟ್ರೇಡ್‌ಲೆನ್ಸ್ ವ್ಯವಸ್ಥೆಯನ್ನು ನಿಲ್ಲಿಸುವುದಾಗಿ 2022ರ ನವೆಂಬರ್‌ನಲ್ಲಿ ಘೋಷಿಸಿದಾಗ, ಇಡೀ ಉದ್ಯಮದ ಸಹಕಾರ ಸಿಗಲಿಲ್ಲವೆಂಬುದೇ ಅವರು ಕೊಟ್ಟ ಕಾರಣ. ತಂತ್ರಜ್ಞಾನವಾಗಲಿ ಪ್ರಚಾರವಾಗಲಿ ಅಲ್ಲಿ ಕಡಿಮೆಯಾಗಿರಲಿಲ್ಲ. ನಿಮ್ಮ ಮೊದಲ ವರ್ಷದ ಹಣ ವಿಡಿಯೊಗಳಿಗಿಂತ ಕ್ಯೂರಿಂಗ್ ವರ್ಕ್ಸ್‌ಗಳ ಭೇಟಿಗೆ ಹೋದರೆ ನಮಗೆ ಆಶ್ಚರ್ಯವಿಲ್ಲ.

ಪ್ರಶ್ನೆ: ನಾನು ಒಂದು ಬ್ಲಾಕ್‌ಚೈನ್ ಗೇಮಿಂಗ್ ಸಂಸ್ಥೆಯ ಮಾರ್ಕೆಟಿಂಗ್ ವಿಭಾಗದಲ್ಲಿದ್ದೇನೆ. ಪ್ರತಿ ತಿಂಗಳೂ ಏಜೆನ್ಸಿ ಲಕ್ಷಗಟ್ಟಲೆ ವ್ಯೂಸ್ ತೋರಿಸುತ್ತದೆ, ಆದರೆ ಆಟ ಆಡುವವರು ಹೆಚ್ಚುತ್ತಿಲ್ಲ. ಬದಲಿಗೆ ರೆಫರಲ್ ಕಮಿಷನ್ ಪದ್ಧತಿಗೆ ಹೋಗೋಣವೆಂದು ಮೇಲಧಿಕಾರಿ ಹೇಳುತ್ತಾರೆ. ಏನನ್ನು ಅಳೆಯಬೇಕು?
— ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ವ್ಯೂಸ್‌ಗಳನ್ನು ಕೊಳ್ಳಬಹುದು, ಟೆಲಿಗ್ರಾಂ ಸದಸ್ಯರನ್ನು ಕೊಳ್ಳಬಹುದು, ಎರಡು ತಿಂಗಳ ನಂತರವೂ ತಾನಾಗಿ ಮರಳಿ ಬರುವ ಆಟಗಾರನನ್ನು ಕೊಳ್ಳುವುದು ಕಷ್ಟ. ಹಾಗಾಗಿ ಅವನನ್ನೇ ಎಣಿಸಿ. ಪ್ರತಿ ಇನ್‌ಫ್ಲುಯೆನ್ಸರ್‌ಗೂ ಬೇರೆ ಬೇರೆ ಲಿಂಕ್ ಕೊಡಿ, ಆ ಲಿಂಕ್‌ನಿಂದ ಬಂದ ವಾಲೆಟ್ ಮೊದಲ ದಿನ ಏನು ಮಾಡಿತು, ಮೂವತ್ತನೆಯ ದಿನ, ಅರವತ್ತನೆಯ ದಿನ ಮತ್ತೆ ಯಾವುದಾದರೂ ವಹಿವಾಟು ನಡೆಸಿತೇ ಎಂದು ನೋಡಿ. ಬೇರೆ ಉದ್ಯಮದವರಿಗೆ ಇಷ್ಟು ನಿಖರವಾಗಿ ಸಿಗದ ಮಾಹಿತಿ ನಿಮಗೆ ಬ್ಲಾಕ್‌ಚೈನ್ ಮೇಲೆಯೇ ಸಿಗುತ್ತದೆ, ಆದರೂ ಹೆಚ್ಚಿನವರು ಅದನ್ನು ತೆರೆದು ನೋಡುವುದಿಲ್ಲ ಎನ್ನುವುದು ನಮಗೆ ಸೋಜಿಗ. ಒಂದು ಕಲ್ಪಿತ ಲೆಕ್ಕ ಕೊಡುತ್ತೇವೆ. ಎರಡು ಲಕ್ಷ ರೂಪಾಯಿ ಪಡೆದವರಿಂದ ನಾಲ್ಕು ಸಾವಿರ ಜನ ಬಂದು ಅರವತ್ತು ದಿನದ ನಂತರ ನಲವತ್ತು ಮಂದಿ ಉಳಿದರೆ, ಉಳಿದ ಒಬ್ಬೊಬ್ಬರಿಗೂ ಐದು ಸಾವಿರ ರೂಪಾಯಿ ಬಿತ್ತು. ಮೂವತ್ತು ಸಾವಿರ ಪಡೆದವರಿಂದ ಬರೀ ನೂರೈವತ್ತು ಜನ ಬಂದು ನಲವತ್ತೈದು ಮಂದಿ ಉಳಿದರೆ ಖರ್ಚು ಏಳುನೂರು ರೂಪಾಯಿಗೂ ಕಡಿಮೆ. ಏಜೆನ್ಸಿಯ ವರದಿಯಲ್ಲಿ ಮೊದಲನೆಯವರು ಹೀರೊ ಆಗಿರುತ್ತಾರೆ.

ಒಂದೇ ವ್ಯಕ್ತಿ ನೂರಾರು ವಾಲೆಟ್ ತೆರೆದು ಕೂರುವುದು ಈ ವಲಯದಲ್ಲಿ ಮಾಮೂಲು. 2023ರ ಮಾರ್ಚ್‌ನಲ್ಲಿ ಆರ್ಬಿಟ್ರಮ್ ಎಂಬ ಬ್ಲಾಕ್‌ಚೈನ್ ಜಾಲ ತನ್ನ ಟೋಕನ್ನನ್ನು ಉಚಿತವಾಗಿ ಹಂಚುವಾಗ, ಒಬ್ಬರೇ ನಡೆಸುತ್ತಿದ್ದಂತೆ ಕಂಡ ವಾಲೆಟ್ ಗುಂಪುಗಳನ್ನು ಗುರುತಿಸಿ ಹೊರಗಿಡಲು ಪ್ರತ್ಯೇಕ ವಿಶ್ಲೇಷಣೆಯನ್ನೇ ನಡೆಸಬೇಕಾಯಿತು. ಒಂದೇ ಮೂಲ ವಾಲೆಟ್‌ನಿಂದ ಹಣ ಪಡೆದು, ಒಂದೇ ಕ್ರಮದಲ್ಲಿ, ನಿಮಿಷಗಳ ಅಂತರದಲ್ಲಿ ಕೆಲಸ ಮಾಡುವ ವಾಲೆಟ್‌ಗಳನ್ನು ಎಣಿಕೆಯಿಂದ ತೆಗೆದುಹಾಕಿ. ವಾಲೆಟ್ ವಿಳಾಸವನ್ನು ಫೋನ್ ಸಂಖ್ಯೆ, ಹೆಸರುಗಳೊಂದಿಗೆ ಜೋಡಿಸಿಡುವುದಾದರೆ 2023ರ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಂತೆ ಒಪ್ಪಿಗೆ ಪಡೆಯುವುದನ್ನು ಮರೆಯಬೇಡಿ.

ರೆಫರಲ್ ಕಮಿಷನ್ ಬಗ್ಗೆ ನಿಮ್ಮ ಮೇಲಧಿಕಾರಿಗೆ ಬಿಟ್‌ಕನೆಕ್ಟ್‌ನ ಕಥೆ ಹೇಳಿ. ಸಾಲದ ಯೋಜನೆಯಲ್ಲಿ ಭಾರಿ ಗಳಿಕೆಯ ಆಸೆ ತೋರಿಸಿ, ಜನರನ್ನು ಸೇರಿಸಿದವರಿಗೆ ಹಂತಹಂತವಾಗಿ ಕಮಿಷನ್ ಕೊಡುತ್ತಿದ್ದ ಆ ಸಂಸ್ಥೆಗೆ ಯೂಟ್ಯೂಬ್ ಪ್ರಚಾರಕರ ಪಡೆಯೇ ಇತ್ತು. 2018ರ ಜನವರಿಯಲ್ಲಿ ಅದು ಬಾಗಿಲು ಹಾಕಿತು. ಅಮೆರಿಕದಲ್ಲಿ ಅದರ ಪ್ರಮುಖ ಪ್ರಚಾರಕ 2021ರಲ್ಲಿ ತಪ್ಪೊಪ್ಪಿಕೊಂಡ, ಸ್ಥಾಪಕನೆಂದು ಆರೋಪ ಹೊತ್ತ ವ್ಯಕ್ತಿ ಗುಜರಾತಿನ ಸೂರತ್ ಮೂಲದವನು. ಒಂದೇ ಹಂತದ, ನಿಗದಿತ ಮೊತ್ತದ ರೆಫರಲ್ ಬಹುಮಾನವೂ ಅದೂ ಒಂದೇ ಎಂದು ನಾವು ಹೇಳುತ್ತಿಲ್ಲ. ಆದರೆ ಹೊಸದಾಗಿ ಸೇರಿದವರು ಮತ್ತೆ ಸೇರಿಸಿದವರ ಮೇಲೂ ಕಮಿಷನ್ ಎಂಬ ಎರಡನೆಯ ಹಂತ ಬಂದೊಡನೆ ಹಣ ಚಲಾವಣೆ ಯೋಜನೆಗಳನ್ನು ನಿಷೇಧಿಸುವ 1978ರ ಕಾಯ್ದೆಯ ನೆರಳು ಬೀಳುತ್ತದೆ. ಅದಕ್ಕೆ ನಿಶ್ಚಿತ ಮಾಸಿಕ ಗಳಿಕೆಯ ಭರವಸೆ ಸೇರಿದರೆ ಅನಿಯಂತ್ರಿತ ಠೇವಣಿ ಯೋಜನೆಗಳ ವಿರುದ್ಧದ 2019ರ ಕಾಯ್ದೆಯೂ ಠೇವಣಿದಾರರ ಹಿತ ಕಾಪಾಡುವ ಕರ್ನಾಟಕದ 2004ರ ಕಾಯ್ದೆಯೂ ನಿಮ್ಮತ್ತ ತಿರುಗಬಹುದು. ಅರವತ್ತು ದಿನ ಉಳಿದ ಆಟಗಾರರ ಸಂಖ್ಯೆಗೆ ಅನುಗುಣವಾಗಿ ಸಂಭಾವನೆಯ ಕೊನೆಯ ಕಂತನ್ನು ಕೊಡುವ ಒಪ್ಪಂದ ಇದಕ್ಕಿಂತ ಲೇಸು. ಅದನ್ನು ಒಪ್ಪುವ ಇನ್‌ಫ್ಲುಯೆನ್ಸರ್ ತನ್ನ ವೀಕ್ಷಕರನ್ನು ಬಲ್ಲವರೆಂದೂ ತಿಳಿಯಬಹುದು.

ಪ್ರಶ್ನೆ: ನಾನು ದುಬೈನಲ್ಲಿದ್ದು ಕನ್ನಡದಲ್ಲಿ ವಿಡಿಯೊ ಮಾಡುತ್ತೇನೆ. ಕ್ರಿಪ್ಟೊ ಸಂಸ್ಥೆಯೊಂದು ಪ್ರಚಾರಕ್ಕೆ ಕೇಳಿದೆ. ನನಗೆ ಯಾವ ದೇಶದ ನಿಯಮ?
— ಓದುಗರೊಬ್ಬರು, ದುಬೈ

ಉತ್ತರ: ನೀವಿರುವ ದೇಶದ್ದೂ ನಿಮ್ಮ ಮಾತು ಯಾರನ್ನು ಉದ್ದೇಶಿಸಿದೆಯೋ ಆ ದೇಶದ್ದೂ. ದುಬೈನ ವರ್ಚುವಲ್ ಆಸ್ತಿಗಳ ನಿಯಂತ್ರಣ ಪ್ರಾಧಿಕಾರ ವಾರಾ 2022ರಲ್ಲಿಯೇ ಪ್ರಚಾರದ ನಿಯಮ ತಂದಿದ್ದು, ಪರಿಷ್ಕೃತ ನಿಯಮಗಳು 2024ರ ಅಕ್ಟೋಬರ್ 1ರಿಂದ ಜಾರಿಯಲ್ಲಿವೆ. ಅವುಗಳ ವ್ಯಾಪ್ತಿ ಲೈಸೆನ್ಸ್ ಪಡೆದ ಸಂಸ್ಥೆಗಳಿಗಷ್ಟೇ ಸೀಮಿತವಲ್ಲ. ಊರಿನವರಿಗಾಗಿ ಕನ್ನಡದಲ್ಲಿ ಮಾಡಿದ ವಿಡಿಯೊ ಭಾರತದ ವೀಕ್ಷಕರನ್ನು ಗುರಿಯಾಗಿಸಿದ್ದೇ ಆದ್ದರಿಂದ ಮೇಲೆ ಹೇಳಿದ ನಮ್ಮ ನಿಯಮಗಳನ್ನೂ ಪಾಲಿಸಿ. ಬ್ರಿಟನ್ನಿನ ವೀಕ್ಷಕರನ್ನು ಸೆಳೆಯುವ ಉದ್ದೇಶವಿದ್ದರೆ, 2023ರ ಅಕ್ಟೋಬರ್ 8ರಿಂದ ಅಲ್ಲಿ ಸ್ನೇಹಿತರನ್ನು ಕರೆತಂದರೆ ಬೋನಸ್ ಎಂಬ ಕೊಡುಗೆಗೇ ನಿಷೇಧವಿದೆ, ಹೊಸ ಹೂಡಿಕೆದಾರರಿಗೆ ಇಪ್ಪತ್ನಾಲ್ಕು ಗಂಟೆ ಮರುಯೋಚನೆಯ ಅವಕಾಶ ಕೊಡಬೇಕು. ಸಿಂಗಪುರವಂತೂ 2022ರ ಜನವರಿಯಲ್ಲಿಯೇ ಇನ್‌ಫ್ಲುಯೆನ್ಸರ್‌ಗಳ ಮೂಲಕ ಸಾರ್ವಜನಿಕರಿಗೆ ಕ್ರಿಪ್ಟೊ ಪ್ರಚಾರ ಮಾಡಬಾರದೆಂದು ಸಂಸ್ಥೆಗಳಿಗೆ ಸೂಚಿಸಿತು.

ಪ್ರಶ್ನೆ: ಕಳೆದ ವರ್ಷ ನಾವು ಬಿಡುಗಡೆ ಮಾಡಿದ ಟೋಕನ್‌ನ ಬೆಲೆ ಐದರಲ್ಲಿ ಒಂದು ಭಾಗಕ್ಕೆ ಇಳಿದಿದೆ. ನಮ್ಮ ಪ್ರಚಾರ ಮಾಡಿದವರನ್ನು ಜನ ಕಾಮೆಂಟುಗಳಲ್ಲಿ ಬೈಯುತ್ತಿದ್ದಾರೆ. ವಿಡಿಯೊಗಳನ್ನು ಅಳಿಸಿ ಸುಮ್ಮನಿರುವಂತೆ ಏಜೆನ್ಸಿ ಹೇಳುತ್ತದೆ.
— ಓದುಗರೊಬ್ಬರು, ಮಂಗಳೂರು

ಉತ್ತರ: ಅಳಿಸಬೇಡಿ, ಅಳಿಸಲು ಅವರಿಗೂ ಹೇಳಬೇಡಿ. ಸ್ಕ್ರೀನ್‌ಶಾಟ್‌ಗಳು ಈಗಾಗಲೇ ಓಡಾಡುತ್ತಿರುತ್ತವೆ, ಅಳಿಸಿದ್ದು ಸಾಕ್ಷ್ಯ ಮರೆಮಾಚಿದಂತೆ ಕಾಣುತ್ತದೆ; ಮುಂದೆ ದೂರು ದಾಖಲಾದರೆ ನೀವು ನಿಜಕ್ಕೂ ಏನು ಹೇಳಿದ್ದಿರೆಂದು ತೋರಿಸಲು ಆ ವಿಡಿಯೊಗಳೇ ನಿಮಗೆ ಬೇಕಾಗುತ್ತವೆ. ಮೊದಲು ನಿಮ್ಮ ತಂಡದ ಹಾಗೂ ಸಂಭಾವನೆಯಾಗಿ ಟೋಕನ್ ಪಡೆದವರ ವಾಲೆಟ್‌ಗಳಿಂದ ಯಾವ ದಿನ ಎಷ್ಟು ಮಾರಾಟವಾಯಿತೆಂಬ ಪಟ್ಟಿಯನ್ನು ನೀವೇ ಪ್ರಕಟಿಸಿ, ಏಕೆಂದರೆ ಬೇರೆಯವರು ಚೈನ್ ಜಾಲಾಡಿ ಪ್ರಕಟಿಸಿದರೆ ಅದೇ ಸಂಖ್ಯೆಗಳು ಆರೋಪಪಟ್ಟಿಯಾಗುತ್ತವೆ. ಪ್ರಚಾರ ಮಾಡಿದವರೊಂದಿಗೆ ಅವರದೇ ಚಾನೆಲ್‌ನಲ್ಲಿ ಕುಳಿತು, ಮೊದಲೇ ಆರಿಸದ ಪ್ರಶ್ನೆಗಳಿಗೆ ಉತ್ತರಿಸಿ: ಉತ್ಪನ್ನದ ಕೆಲಸ ಎಲ್ಲಿಗೆ ಬಂದಿದೆ, ಹೇಳಿದ್ದರಲ್ಲಿ ಯಾವುದು ಆಗಲಿಲ್ಲ, ಬ್ಯಾಂಕಿನಲ್ಲಿರುವ ಹಣದಲ್ಲಿ ಎಷ್ಟು ತಿಂಗಳು ನಡೆಯಬಹುದು. ಬೆಲೆ ಮತ್ತೆ ಏರುತ್ತದೆ ಎಂಬ ಒಂದು ಮಾತು ಮಾತ್ರ ಅಲ್ಲಿ ಬಾಯಿಂದ ಹೊರಬರಬಾರದು, ಅದಕ್ಕಾಗಿ ವಕೀಲರೊಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡರೂ ತಪ್ಪಿಲ್ಲ.